ಅಂಟಿಗೆ-ಪಂಟಿಗೆಯ ಪದಗಳ ವಿಮರ್ಶೆ

ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಹೊರಬಂದಂದಿನಿಂದ ನಾವು ಜನಪದ ಗೀತಗಳನ್ನು ಬಹುಮಟ್ಟಿಗೆ ಭಾವಗೀತದ ಮಾನದಂಡದಿಂದಲೇ ಅಳೆಯುತ್ತ ಬಂದಿದ್ದೇವೆ. ಬೀಸುವ ಕಲ್ಲಿನ ತ್ರಿಪದಿಗೆ ಇದು ತಕ್ಕಮಟ್ಟಿಗೆ ಒಪ್ಪೀತು. ಅದು ಒಬ್ಬಳೇ ಹಾಡಿಕೊಳ್ಳಬಲ್ಲ ಹಾಡು. ಆದರೆ ಹೊಳಲೂರಿನ ಬಯಲಿನಿಂದ ಪಡುವಣಕ್ಕೆ, ತೀರ್ಥಹಳ್ಳಿ ಹೊಸನಗರಗಳ ಕಡೆಗೆ ಸರಿದರೆ ಈ ಅಳತೆಗೋಲು ಸಾಲದು. ಅಲ್ಲಿ ದೀಪಾವಳಿಯ ಇರುಳು ಅಂಟಿಗೆ-ಪಂಟಿಗೆಯ ತಂಡದವರು ದೀಪವನ್ನು ಆರಗೊಡದೆ ಮನೆಯಿಂದ ಮನೆಗೆ ಒಯ್ಯುತ್ತ ಹಾಡುತ್ತಾರೆ. ಮನೆಯೊಡತಿ ಅದಕ್ಕೆ ಎಣ್ಣೆಯೆರೆಯುತ್ತಾಳೆ. ಮುಂದಿನವರ ಸೊಲ್ಲನ್ನು ಹಿಂದಿನವರು ಮರಳಿ ಹಾಡುವುದು ಇಲ್ಲಿ ಪುನರುಕ್ತಿದೋಷವೆನಿಸದು. ಅಚ್ಚಿನಲ್ಲಿ ಅದನ್ನು ತೆಗೆದುಹಾಕಿದರೆ ಪದದ ನಡೆಯೇ ಕೆಡುವುದೆಂದು ನಮ್ಮ ಅಭಿಪ್ರಾಯ. ಹೋಲಿಕೆಗೆ ಭೋಜಪುರಿಯ ಭಿಖಾರಿ ಠಾಕೂರರನ್ನು (1887–1971) ನೋಡಬಹುದು: ‘ಬಿದೇಸಿಯಾ’ ನಾಟಕವನ್ನು ರಚಿಸಿದವರೂ ತಂಡ ಕಟ್ಟಿ ಆಡಿಸಿದವರೂ ಅವರೇ. ನಮ್ಮಲ್ಲಿಯಾದರೋ ಹಾಡಿದವರು ಬೇರೆ, ಬರೆದುಕೊಂಡವರು ಬೇರೆ. ಆದುದರಿಂದ ಸಂಗ್ರಾಹಕರು ಪಾಠದೊಡನೆ ಹಾಡಿದ ಕ್ರಮವನ್ನೂ ದಾಖಲಿಸತಕ್ಕದ್ದು.