ಮನಿಯಾರ್ಡರಿನ ಅಭಯ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಂತರ್ಜಾಲದ ಮೂಲಕ ಬಂದೂಕು ಕೊಳ್ಳುವವರ ನಡುವೆ ಒಂದು ಉಪದೇಶವು ಬಹುಕಾಲದಿಂದ ಆಪ್ತವಾಕ್ಯದ ಪದವಿಯನ್ನು ಪಡೆದುಕೊಂಡಿದೆ: ಮಾರುವವನು ಅಪರಿಚಿತನಾದರೆ ಅಂಚೆಯ ಮನಿಯಾರ್ಡರ್ ಕಳುಹಿಸು, ಅದಕ್ಕಿಂತ ಕ್ಷೇಮವಾದ ಪಾವತಿ ಇನ್ನೊಂದಿಲ್ಲ. ಬಂದೂಕಿನ ಗುಣದೋಷಗಳನ್ನು ಕೂದಲು ಸೀಳಿದಂತೆ ವಿಚಾರಿಸುವ ಪಂಡಿತರು ಈ ಒಂದು ಮಾತನ್ನು ಮಾತ್ರ ವಿಚಾರಿಸದೆ ಒಬ್ಬರ ಬಾಯಿಂದ ಒಬ್ಬರು ಸ್ವೀಕರಿಸಿಕೊಂಡು ಬಂದಿರುವರು. ಈ ಕೀರ್ತಿಯು ಮನಿಯಾರ್ಡರಿಗೆ ಸಲ್ಲತಕ್ಕದ್ದಲ್ಲವೆಂದೂ, ಮಾರುವವನ ಕ್ಷೇಮಕ್ಕೆ ಕೊಳ್ಳುವವನ ಕ್ಷೇಮವೆಂಬ ಹೆಸರನ್ನು ಹಚ್ಚಿದುದರಿಂದ ಅದು ಹುಟ್ಟಿತೆಂದೂ ನನ್ನ ದೃಢವಾದ ಅಭಿಪ್ರಾಯ.

ಕನ್ನಡದ ಓದುಗನಿಗೆ ಮೊದಲು ಒಂದು ಭ್ರಮೆಯನ್ನು ಬಿಡಿಸಬೇಕಾಗಿದೆ. ಮನಿಯಾರ್ಡರ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು, ಜಗುಲಿಯ ಮೇಲೆ ಕುಳಿತು ನೋಟುಗಳನ್ನೆಣಿಸಿಕೊಟ್ಟು, ಅಜ್ಜಿಯ ಹೆಬ್ಬೆಟ್ಟನ್ನು ಒತ್ತಿಸಿಕೊಂಡು, ಚೀಟಿಯ ತಳದಲ್ಲಿ ಮಗ ಬರೆದಿದ್ದ ಎರಡು ಸಾಲನ್ನು ಓದಿ ಹೇಳಿ ಹೋಗುತ್ತಿದ್ದ ಅಂಚೆಯವನ ಚಿತ್ರ. ಅಲ್ಲಿ ಹಣವನ್ನು ಮುಟ್ಟಿಸುವ ಹೊಣೆ ಅಂಚೆಯದಾಗಿತ್ತು. ಮುಟ್ಟಿತೆಂಬ ರುಜುವಿನ ಚೀಟಿ ಕಳುಹಿಸಿದವನಿಗೆ ಹಿಂದಿರುಗಿ ಬರುತ್ತಿತ್ತು. ಅಮೆರಿಕದ ಮನಿಯಾರ್ಡರ್ ಆ ಜಾತಿಯದಲ್ಲ. ಅದು ಮುಂಗಡವಾಗಿ ಹಣ ಕಟ್ಟಿ ಪಡೆದ, ಒಂದಕ್ಕೆ 1,000 ಡಾಲರ್ ಮೀರದ, ಒಂದು ಕಾಗದ. ಲಕೋಟೆಯಲ್ಲಿಟ್ಟು ಅದನ್ನು ರವಾನಿಸುವ ಭಾರ ಕೊಂಡವನದೇ.

ಬಂದೂಕಿನ ವ್ಯಾಪಾರದ ವಿಶೇಷವೇನೆಂದರೆ, ಅಲ್ಲಿ ವಸ್ತುವೂ ಹಣವೂ ಬೇರೆ ಬೇರೆ ದಾರಿಗಳಲ್ಲಿ ನಡೆಯುತ್ತವೆ. 1968ರ ಬಂದೂಕು ನಿಯಂತ್ರಣ ಶಾಸನವು ಬಂದ ಮೇಲೆ, ಹೊರರಾಜ್ಯದಲ್ಲಿ ಕೊಂಡ ಬಂದೂಕು ಸಾಮಾನ್ಯ ಗ್ರಾಹಕನ ಮನೆಬಾಗಿಲಿಗೆ ನೇರವಾಗಿ ಬರುವಂತಿಲ್ಲ. ಅದು ಗ್ರಾಹಕನ ಊರಿನ ಲೈಸೆನ್ಸುದಾರ ಡೀಲರನ ಅಂಗಡಿಗೆ ಬಂದು, 4473ನೆಯ ಸಂಖ್ಯೆಯ ನಮೂನೆಯನ್ನು ತುಂಬಿ, 1998ರ ನವೆಂಬರಿನಲ್ಲಿ ಆರಂಭವಾದ ಪೂರ್ವೇತಿಹಾಸ ಪರಿಶೀಲನೆಯಲ್ಲಿ ಗ್ರಾಹಕನು ತೇರ್ಗಡೆಯಾದ ಬಳಿಕವೇ ಕೈಸೇರತಕ್ಕದ್ದು. ವಸ್ತುವಿನ ದಾರಿಗೆ ಇಷ್ಟು ಕಾವಲುಂಟು. ಹಣದ ದಾರಿಗೆ ಇದರಲ್ಲಿ ಒಂದೂ ಇಲ್ಲ. ಆದರೂ ಮೊದಲನೆಯ ದಾರಿಯ ಭದ್ರತೆಯನ್ನು ಕಂಡ ಮನಸ್ಸು ಎರಡನೆಯದರಲ್ಲಿಯೂ ಅದೇ ಭದ್ರತೆಯನ್ನು ಊಹಿಸಿಕೊಳ್ಳುತ್ತದೆ. ‘ನಿಮ್ಮ ಡೀಲರನ ಲೈಸೆನ್ಸಿನ ಪ್ರತಿಯನ್ನು ಕಳುಹಿಸಿ’ ಎಂದು ಗಂಭೀರವಾಗಿ ಕೇಳುವ ಮಾರಾಟಗಾರನು ಆ ಕೇಳಿಕೆಯಿಂದಲೇ ಸಾಧುವಾಗಿ ಕಾಣುತ್ತಾನೆ. ವಂಚಕನೂ ಅದನ್ನು ಹಾಗೆಯೇ ಕೇಳಬಲ್ಲನು.

ಕೊಡಗಿನಿಂದ ಹೋಗಿ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿ ಅಲ್ಲಿಯ ಪೌರತ್ವವನ್ನು ಪಡೆದ ನನ್ನ ಮಿತ್ರರೊಬ್ಬರು, ತಮ್ಮ ತಂದೆಯ ಕೈಯಲ್ಲಿದ್ದಂತಹ ಒಂದು ಹಳೆಯ ಜೋಡುನಳಿಗೆಯ ಕೋವಿಯನ್ನು ಕಂಡು ಮನಸೋತು, ಮಾರುವವನ ಮಾತಿನಂತೆ 640 ಡಾಲರಿನ ಮನಿಯಾರ್ಡರನ್ನು ಕಳುಹಿಸಿದರು. ಕೋವಿ ಬರಲಿಲ್ಲ. ಅವರ ಮನೆಯ ಊಟದ ಮೇಜಿನ ಮೇಲೆ ಆ ಮನಿಯಾರ್ಡರಿನ ರಸೀತಿಯನ್ನೂ, ಹೋಲಿಸಿ ನೋಡಲೆಂದು ಬೇರೊಂದು ಕೆಲಸಕ್ಕೆ ಪಡೆದಿದ್ದ ಇನ್ನೊಂದು ಮನಿಯಾರ್ಡರನ್ನೂ ಇಟ್ಟುಕೊಂಡು ನಾವಿಬ್ಬರೂ ಬಹಳ ಹೊತ್ತು ಕುಳಿತಿದ್ದೆವು. ಕಾಗದವನ್ನು ಬೆಳಕಿಗೆ ಹಿಡಿದರೆ ಒಂದು ಪಾರ್ಶ್ವದಲ್ಲಿ ಮೇಲಿನಿಂದ ಕೆಳಗಿನವರೆಗೆ ಬೆಂಜಮಿನ್ ಫ್ರಾಂಕ್ಲಿನ್ನನ ಮುಖವು ಮತ್ತೆ ಮತ್ತೆ ಮೂಡುತ್ತದೆ. ಅದರ ಪಕ್ಕದಲ್ಲಿ ಅಂಚೆಯ ಹೆಸರಿನ ಅಕ್ಷರಗಳನ್ನು ಹೊತ್ತ ಸಣ್ಣ ಎಳೆಯೊಂದು ಓಡುತ್ತದೆ. ಎಂತಹ ಎಚ್ಚರ, ಎಂತಹ ಕುಸುರಿ! ಆದರೆ ಈ ಎಚ್ಚರವೆಲ್ಲ ಯಾರ ಸಲುವಾಗಿ? ಜಲಚಿಹ್ನೆಯು ಕಾಗದವು ಖೋಟಾ ಅಲ್ಲವೆಂದು ಅದನ್ನು ಪಡೆದವನಿಗೆ ಹೇಳುತ್ತದೆ. ಹಣವು ಮೊದಲೇ ಕಟ್ಟಿಯಾಗಿದೆಯೆಂಬ ಸಂಗತಿಯು ಚೆಕ್ಕು ತಿರುಗಿ ಬರುವ ಭಯವನ್ನು ಪಡೆದವನಿಂದಲೇ ತೊಲಗಿಸುತ್ತದೆ. ಕಳುಹಿಸಿದವನ ಕೈಯಲ್ಲಿ ಉಳಿಯುವುದು ರಸೀತಿಯೊಂದೇ.

ಆ ರಸೀತಿಯ ಬಲವೆಷ್ಟು? ಮನಿಯಾರ್ಡರಿನ ಪಾವತಿಯನ್ನು ತಡೆಯಲು ಅದು ಸಾಲದು. ಅಂತಹ ತಡೆಯು ಆ ಪದ್ಧತಿಯಲ್ಲಿಯೇ ಇಲ್ಲ. ಕಾಗದವು ದಾರಿಯಲ್ಲಿ ಕಳೆದುಹೋಗಿ ಯಾರೂ ನಗದು ಮಾಡಿಕೊಳ್ಳದೆ ಇದ್ದರೆ ಬದಲಿಯನ್ನು ಕೊಡುತ್ತಾರೆ. ನಗದಾಗಿದ್ದರೆ ನಗದಾದ ಕಾಗದದ ಪ್ರತಿಯನ್ನು ಕೊಡುತ್ತಾರೆ. ನನ್ನ ಮಿತ್ರರಿಗೆ ದೊರೆತದ್ದು ಈ ಎರಡನೆಯದು. ಅದರ ಹಿಂಬದಿಯಲ್ಲಿ ಒಂದು ರುಜುವಿತ್ತು. ಓದಲಾಗುವಂತೆಯೂ ಇತ್ತು. ಅದರಿಂದ ಅವರಿಗೆ 1 ಡಾಲರೂ ಮರಳಲಿಲ್ಲ.

ಇಲ್ಲಿ ಮನಿಯಾರ್ಡರಿನ ಪಕ್ಷಪಾತಿಗಳು ತಮ್ಮ ಮುಖ್ಯವಾದ ವಾದವನ್ನು ಮುಂದಿಡುತ್ತಾರೆ: ಅಂಚೆಯನ್ನು ಬಳಸಿ ಮೋಸ ಮಾಡಿದರೆ ಅದು ಕೇಂದ್ರ ಸರ್ಕಾರದ ಶಾಸನಕ್ಕೆ ವಿರುದ್ಧವಾದ ಅಪರಾಧ, ಅಂಚೆಯ ತನಿಖಾಧಿಕಾರಿಗಳು ನಮ್ಮ ಬೆನ್ನ ಹಿಂದೆ ನಿಂತಿರುತ್ತಾರೆ. ಈ ವಾದವು ಸುಳ್ಳಲ್ಲ. ಅಂಚೆಮೋಸದ ಶಾಸನವು 1872ರಷ್ಟು ಹಳೆಯದು, ತನಿಖಾಧಿಕಾರಿಗಳು ಸಮರ್ಥರು. ಆದರೆ ಅಪರಾಧಿಗೆ ಶಿಕ್ಷೆಯಾಗುವುದೇ ಬೇರೆ, ನಷ್ಟಪಟ್ಟವನಿಗೆ ಹಣ ಮರಳುವುದೇ ಬೇರೆ. ಇವೆರಡನ್ನೂ ‘ಕ್ಷೇಮ’ ಎಂಬ ಒಂದೇ ಪದದಲ್ಲಿ ಮುಚ್ಚಿಟ್ಟುದೇ ಈ ಉಪದೇಶದ ಮೂಲದೋಷ. ಆ ಪದದ ಪೂರ್ವಚರಿತ್ರೆಯನ್ನು ನೋಡಿದರೆ ದೋಷವು ಹೊಕ್ಕ ಬಗೆ ತಿಳಿಯುತ್ತದೆ. 1999ರಲ್ಲಿ ಈಬೇ ಬಂದೂಕುಗಳನ್ನು ತನ್ನ ಹರಾಜಿನಿಂದ ಹೊರಗಿಟ್ಟಿತು. ಅದೇ ವರ್ಷ ಬಂದೂಕಿನ ಹರಾಜಿನ ತಾಣವಾದ ಗನ್‌ಬ್ರೋಕರ್ ಹುಟ್ಟಿತು. ಅಂತಹ ಹರಾಜುಗಳಲ್ಲಿ ಪಾವತಿಯ ಷರತ್ತನ್ನು ಬರೆದವನು ಮಾರುವವನು. ‘ಮನಿಯಾರ್ಡರ್ ಮಾತ್ರ’ ಎಂದು ಅವನು ಬರೆದದ್ದು ತನ್ನ ಹಣದ ಭದ್ರತೆಗಾಗಿ, ಅದು ಅವನ ನ್ಯಾಯವಾದ ಹಕ್ಕು. ಕೊಳ್ಳುವವರು ಆ ಷರತ್ತನ್ನು ತಮಗೆ ಹಿತವಾದ ಸಲಹೆಯೆಂದು ಓದಿಕೊಂಡರು.

ಇದಕ್ಕೆ ಪ್ರತಿಯಾಗಿ ಕ್ರೆಡಿಟ್ ಕಾರ್ಡನ್ನು ನೋಡಿರಿ. 1974ರ ಶಾಸನದ ಪ್ರಕಾರ, ಒಪ್ಪಂದದಂತೆ ವಸ್ತುವು ಬಾರದಿದ್ದರೆ ಅದು ಬಿಲ್ಲಿನ ದೋಷವೆಂದು ಪರಿಗಣಿತವಾಗುತ್ತದೆ. ಆ ಮೊತ್ತವನ್ನು ಕಾಣಿಸಿದ ಮೊದಲ ಲೆಕ್ಕಪತ್ರವು ಹೊರಟ 60 ದಿನಗಳೊಳಗಾಗಿ ಲಿಖಿತವಾಗಿ ತಿಳಿಸಿದರೆ, ವಿವಾದಕ್ಕೊಳಗಾದ ಮೊತ್ತವನ್ನು ಗ್ರಾಹಕನು ತಡೆಹಿಡಿಯಬಹುದು, ಕಾರ್ಡು ಕೊಟ್ಟ ಬ್ಯಾಂಕು ಹೆಚ್ಚೆಂದರೆ 90 ದಿನಗಳಲ್ಲಿ ತೀರ್ಮಾನಿಸತಕ್ಕದ್ದು. ಡೆಬಿಟ್ ಕಾರ್ಡಿನ ಕಾಯಿದೆಯು ಮುಖ್ಯವಾಗಿ ಅನುಮತಿಯಿಲ್ಲದೆ ಹೋದ ಹಣವನ್ನು ಕಾಯುತ್ತದೆಯೇ ಹೊರತು ನಾವೇ ನಂಬಿ ಕೊಟ್ಟುದನ್ನಲ್ಲ. ಜೆಲ್ ಮುಂತಾದ ಕ್ಷಣಮಾತ್ರದ ವರ್ಗಾವಣೆಗಳಲ್ಲಿಯೂ ಕೈಬಿಟ್ಟ ಹಣ ಸಾಮಾನ್ಯವಾಗಿ ಹೋದಂತೆಯೇ. ಪೇಪಾಲ್ ಬಂದೂಕಿನ ವ್ಯವಹಾರವನ್ನೇ ತನ್ನ ನಿಯಮಗಳಲ್ಲಿ ನಿಷೇಧಿಸಿದೆ. ಮಿತ್ರರಿಗೆ ಕಳುಹಿಸುವ ಹಣವೆಂಬ ನೆಪದಲ್ಲಿ ಅದರೊಳಗೆ ತೂರಿಸಿದ ಮೊತ್ತಕ್ಕೆ ಕೊಳ್ಳುವವನ ರಕ್ಷಣೆಯು ಸಿಗುವುದಿಲ್ಲ.

ಕಾರ್ಡಿಗೂ ಕೊರತೆಯಿಲ್ಲದಿಲ್ಲ. ಬಂದೂಕಿನ ಅಂಗಡಿಗಳಲ್ಲಿ ಸರಕು ತಡವಾಗಿ ಬರುವುದು ಸಾಮಾನ್ಯವಾದ್ದರಿಂದ, ‘ಇನ್ನೆರಡು ವಾರ’ ಎಂಬ ಮಾತನ್ನು ನಂಬುತ್ತ ಕುಳಿತವನಿಗೆ ಆ 60 ದಿನಗಳು ತಿಳಿಯದೆಯೇ ಕಳೆದುಹೋಗಬಹುದು.

ಕಾರ್ಡಿನ ಮೇಲೆ ಇನ್ನೊಂದು ಗುಂಪಿನವರಿಗೆ ಸಿಟ್ಟು ಬೇರೆಯೇ ಕಾರಣಕ್ಕೆ, ಅವರೊಡನೆ ನನ್ನ ಜಗಳವು ಹಳೆಯದು. 2022ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಬಂದೂಕಿನ ಅಂಗಡಿಗಳಿಗೆಂದೇ 5723 ಎಂಬ ವರ್ಗಸಂಖ್ಯೆಯನ್ನು ಒಪ್ಪಿತು. 2023ರ ಮಾರ್ಚಿಯಲ್ಲಿ ಕಾರ್ಡಿನ ಕಂಪನಿಗಳು ಅದರ ಜಾರಿಯನ್ನು ತಡೆಹಿಡಿದವು. ಅದೇ ವರ್ಷ ಕ್ಯಾಲಿಫೋರ್ನಿಯಾ ಅದನ್ನು ಕಡ್ಡಾಯಗೊಳಿಸುವ ಶಾಸನವನ್ನೂ ಫ್ಲಾರಿಡಾ ನಿಷೇಧಿಸುವ ಶಾಸನವನ್ನೂ ಮಾಡಿದವು. ಇದನ್ನು ಹಿಡಿದು, ಕಾರ್ಡು ಬಳಸಿದವನ ಹೆಸರು ಒಂದು ಪಟ್ಟಿಗೆ ಸೇರುವುದೆಂದೂ, ಗೌರವಸ್ಥರು ಮನಿಯಾರ್ಡರನ್ನೇ ಬಳಸಬೇಕೆಂದೂ ಇವರು ಬೋಧಿಸುತ್ತಾರೆ. ಖಾಸಗಿತನವು ಕ್ಷುದ್ರವಾದ ವಿಷಯವೆಂದು ನಾನು ಹೇಳಲಾರೆನು. ಆದರೆ ಆ ಸಂಖ್ಯೆಯು ಅಂಗಡಿಯ ಜಾತಿಯನ್ನು ತಿಳಿಸುತ್ತದೆಯೇ ಹೊರತು ಕೊಂಡ ವಸ್ತುವನ್ನಲ್ಲ. ಬೇಟೆಯ ಬೂಟು ಕೊಂಡರೂ ಅದೇ ಸಂಖ್ಯೆ. ಡೀಲರನ ಅಂಗಡಿಯಲ್ಲಿ ತುಂಬುವ ನಮೂನೆಯಲ್ಲಾದರೋ ಕೊಂಡವನ ಹೆಸರು ವಿಳಾಸಗಳೂ ಬಂದೂಕಿನ ಕ್ರಮಸಂಖ್ಯೆಯೂ ಬರೆಯಲ್ಪಡುತ್ತವೆ. ಒಂದೇ ದಿನದಲ್ಲಿ 3,000 ಡಾಲರ್ ಮುಟ್ಟುವಷ್ಟು ಮನಿಯಾರ್ಡರ್ ಕೊಂಡರೆ ಅಂಚೆಯೂ ಗುರುತಿನ ಪತ್ರವನ್ನು ಕೇಳಿ ಬರೆದಿಟ್ಟುಕೊಳ್ಳುತ್ತದೆ.

ಇದಕ್ಕೂ ಮಿಗಿಲಾಗಿ, ಈ ಬೋಧಕರು 1963ನ್ನು ಮರೆತಿರುವರು. ಆ ವರ್ಷದ ಮಾರ್ಚಿಯಲ್ಲಿ ಲೀ ಹಾರ್ವೆ ಆಸ್ವಾಲ್ಡನು ಸುಳ್ಳು ಹೆಸರಿನಲ್ಲಿ ಶಿಕಾಗೋದ ಕ್ಲೈನ್ಸ್ ಅಂಗಡಿಯಿಂದ ರೈಫಲನ್ನು ತರಿಸಿದ್ದು 21 ಡಾಲರ್ 45 ಸೆಂಟಿನ ಅಂಚೆ ಮನಿಯಾರ್ಡರಿನ ಮೂಲಕ. ನವೆಂಬರಿನಲ್ಲಿ ಆ ರೈಫಲಿನಿಂದ ಅಧ್ಯಕ್ಷ ಕೆನೆಡಿಯ ಹತ್ಯೆಯಾದ ಕೆಲವೇ ದಿನಗಳಲ್ಲಿ ಆ ಕಾಗದವು ಪತ್ತೆಯಾಗಿ, ಅದರ ಮೇಲಿನ ಕೈಬರಹವು ಸಾಕ್ಷ್ಯವಾಯಿತು. ಮನಿಯಾರ್ಡರಿನ ನೆನಪು ಅಷ್ಟು ಗಟ್ಟಿ. ಆ ನೆನಪು ತನಿಖೆಗೆ ಒದಗಿತು, ಒದಗಬೇಕಾದದ್ದೂ ನ್ಯಾಯವೇ. ಮನಿಯಾರ್ಡರನ್ನು ಅನಾಮಿಕತೆಯ ಆಶ್ರಯವೆಂದು ಹೊಗಳುವವರು ಯಾವ ಗುಣವನ್ನು ಹೊಗಳುತ್ತಿದ್ದಾರೆಂಬುದು ನನಗೆ ತಿಳಿಯದಾಗಿದೆ.

ಕಾರ್ಡನ್ನು ಸ್ವೀಕರಿಸಲಾರದ ಖಾಸಗಿ ಮಾರಾಟಗಾರನಿದ್ದರೆ ಏನು ಮಾಡತಕ್ಕದ್ದು? ಅವನು ಅದೇ ರಾಜ್ಯದವನಾದರೆ, ಇಬ್ಬರೂ ಡೀಲರನ ಅಂಗಡಿಯಲ್ಲಿ ಮುಖಾಮುಖಿ ನಿಂತು, ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ, ಅಲ್ಲಿಯೇ ಹಣ ಕೊಡಲಿ. ದೂರದವನಾದರೆ ಆ ಬಂದೂಕನ್ನು ಬಿಟ್ಟುಬಿಡುವುದೇ ಮೇಲು.

ನನ್ನ ಮಿತ್ರರು ಆ ದಿನ ಅದೇ ತಯಾರಿಕೆಯ, ಅದೇ 640 ಡಾಲರಿನ ಇನ್ನೊಂದು ಕೋವಿಯ ಜಾಹೀರಾತನ್ನೂ ನನಗೆ ತೋರಿಸಿದರು. ಅದನ್ನು ಮಾರುತ್ತಿದ್ದುದು ಕಾರ್ಡನ್ನು ಒಪ್ಪುವ ಒಂದು ಅಂಗಡಿ, ಆದರೆ ಕಾರ್ಡಿಗೆ ನೂರಕ್ಕೆ 3ರಂತೆ ಹೆಚ್ಚು ಕೇಳಿತ್ತು. ಪುಟದ ಅಂಚಿನಲ್ಲಿ ಅವರು ಪೆನ್ಸಿಲಿನಿಂದ ಲೆಕ್ಕ ಹಾಕಿ, ಬಂದ ಮೊತ್ತದ ಕೆಳಗೆ ಎರಡು ಗೆರೆ ಎಳೆದಿದ್ದರು: 19 ಡಾಲರ್ 20 ಸೆಂಟು.