ಟೇಲರ್ ಮಂಜಿಲಿನ ಟೇಲರ್ ಯಾವ ಮನೆತನದವನು?

ಸೈದಾಪುರದೊಳಗೆ ‘ಸೈದಾಪುರ’ ಎಂಬ ಅಡ್ಡಹೆಸರಿಗೆ ಕೆಲಸವಿಲ್ಲ. ಅಲ್ಲಿ ಎಲ್ಲರೂ ಸೈದಾಪುರದವರೇ. ಊರು ಬಿಟ್ಟು ಕಲಬುರಗಿಗೋ ಹೈದರಾಬಾದಿಗೋ ಹೋಗಿ ನೆಲೆಸಿದ ಮನೆಗೆ ಆ ಹೆಸರು ಅಂಟಿಕೊಳ್ಳುತ್ತದೆ. ಕೆಂಭಾವಿ, ಸಗರ, ಹುಣಸಗಿ ಎಂಬ ಅಡ್ಡಹೆಸರುಗಳದ್ದೂ ಇದೇ ಕತೆ. ಊರಿನ ಹೆಸರು ಹೊತ್ತ ಮನೆತನ ಎಂದೋ ಆ ಊರು ಬಿಟ್ಟ ಮನೆತನ. ಹಾಗೆಂದು ಹೆಸರೊಂದನ್ನೇ ನಂಬಿ ಮೂಲ ಹೇಳಲಾಗದು. ಧಾರವಾಡದಲ್ಲೂ ಒಂದು ಸೈದಾಪುರವಿದೆ.

ಕಸುಬಿನಿಂದ ಬಂದ ಹೆಸರುಗಳ ಮೂಲ ಹುಡುಕುವುದು ಇನ್ನೂ ಕಷ್ಟ. ಬಡಿಗೇರ, ಪತ್ತಾರ, ಸಿಂಪಿ ಮನೆಗಳು ಊರೂರಿಗೂ ಇವೆ. ಹೆಸರು ಒಂದೇ ಆದ ಮಾತ್ರಕ್ಕೆ ರಕ್ತಸಂಬಂಧ ಇರಬೇಕೆಂದಿಲ್ಲ. ಇಂಥದೇ ಹೆಸರಿನ ಇಂಗ್ಲಿಷ್ ಮನೆತನವೊಂದು ನಮ್ಮ ಸುರಪುರದವರೆಗೂ ಬಂದಿತ್ತು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಬಂಗಲೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ.

ಟೇಲರ್ ಎಂದರೆ ಸಿಂಪಿಗ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಫ್ರೆಂಚಿನಿಂದ ಬಂದ ಪದ ಅದು. ಬಟ್ಟೆ ಕತ್ತರಿಸುವವನು ಎಂಬುದು ಮೂಲಾರ್ಥ. ಮುಂದಿನ ಎರಡು ಮೂರು ಶತಮಾನಗಳಲ್ಲಿ ತಂದೆಯ ಕಸುಬಿನ ಹೆಸರು ಮಕ್ಕಳಿಗೂ ಅಂಟಿತು. ಮೊಮ್ಮಗ ಸೂಜಿ ಮುಟ್ಟದಿದ್ದರೂ ಟೇಲರ್ ಆಗಿಯೇ ಉಳಿದ. ಹೀಗೆ ನೂರಾರು ಊರುಗಳಲ್ಲಿ ಬೇರೆಬೇರೆಯಾಗಿ ಹುಟ್ಟಿದ್ದರಿಂದಲೇ ಇಂಗ್ಲೆಂಡಿನ ಅತಿ ಸಾಮಾನ್ಯ ಅಡ್ಡಹೆಸರುಗಳಲ್ಲಿ ಅದೂ ಒಂದು.

ಸುರಪುರಕ್ಕೆ ಬಂದವನ ಪೂರ್ಣ ಹೆಸರು ಫಿಲಿಪ್ ಮೆಡೋಸ್ ಟೇಲರ್. ಇದರಲ್ಲಿ ‘ಟೇಲರ್’ ಮನೆತನದ ಗುಟ್ಟು ಬಿಟ್ಟುಕೊಡುವುದಿಲ್ಲ. ದಾರಿ ತೋರಿಸುವುದು ನಡುವಿನ ‘ಮೆಡೋಸ್’. ಈ ಶಾಖೆಯ ಹಿರಿಯ ಜಾನ್ ಟೇಲರ್ 1694ರಲ್ಲಿ ಲ್ಯಾಂಕಾಸ್ಟರ್ ಬಳಿಯ ಮರದ ವ್ಯಾಪಾರಿಯೊಬ್ಬನ ಮನೆಯಲ್ಲಿ ಹುಟ್ಟಿದ. ಹೀಬ್ರೂ ಭಾಷೆಯ ದೊಡ್ಡ ವಿದ್ವಾಂಸ, ಪಾದ್ರಿ. 1733ರಲ್ಲಿ ಆತ ನೇಕಾರರ ನಗರವಾದ ನಾರ್ವಿಚ್‌ಗೆ ಬಂದ. ಆತನ ಮಗ ರಿಚರ್ಡ್ ಮದುವೆಯಾದದ್ದು ನಾರ್ವಿಚ್‌ನ ಮೇಯರ್ ಆಗಿದ್ದ ಫಿಲಿಪ್ ಮೆಡೋಸ್‌ನ ಮಗಳು ಮಾರ್ಗರೆಟ್‌ಳನ್ನು. ಅವಳ ತಂಗಿ ಸಾರಾ ಸೇರಿದ್ದು, 1685ರ ನಂತರ ಧರ್ಮದ ಕಿರುಕುಳ ತಾಳದೆ ಫ್ರಾನ್ಸ್ ಬಿಟ್ಟು ಬಂದ ಮಾರ್ಟಿನೋ ಮನೆತನವನ್ನು. ಹೆಸರಾಂತ ಲೇಖಕಿ ಹ್ಯಾರಿಯೆಟ್ ಮಾರ್ಟಿನೋ ಸಾರಾಳ ಮೊಮ್ಮಗಳು.

ಮಾರ್ಗರೆಟ್‌ಳ ಮಗ ಫಿಲಿಪ್ ಪಾದ್ರಿಯಾಗಿ ಲಿವರ್‌ಪೂಲಿಗೆ, ಅಲ್ಲಿಂದ ಡಬ್ಲಿನ್‌ಗೆ ಹೋದ. ಆತನ ಮೊಮ್ಮಗ, ನಮ್ಮ ಟೇಲರ್, 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ 1824ರಲ್ಲಿ, ಇನ್ನೂ ಹದಿನೈದರ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದಿಳಿದ. ನಂಬಿ ಬಂದ ವ್ಯಾಪಾರಿಯ ಅಂಗಡಿ ದಿವಾಳಿಯ ಅಂಚಿನಲ್ಲಿತ್ತು. ಆಗ ಕೈಹಿಡಿದವನು ಮುಂಬಯಿ ಸರ್ಕಾರದಲ್ಲಿದ್ದ ಬಂಧು ನ್ಯೂನಂ. ಆತನಿಂದಲೇ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ಟೇಲರನ ಕೈಯಲ್ಲಿತ್ತು. ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದ. ರಾಜನಕೋಳೂರಿನ ಶಿಲಾಸಮಾಧಿಗಳ ಬಗ್ಗೆ ಬರೆದು ಲೋಕಕ್ಕೆ ತಿಳಿಸಿದ.

ಆತ ಕೈಹಿಡಿದ ಮೇರಿ ಪಾಮರ್ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಪಾಮರ್ ಎಂದರೆ ಜೆರುಸಲೇಮಿಗೆ ಹೋಗಿ ತಾಳೆಯ ಗರಿ ಹಿಡಿದು ಮರಳಿದ ಯಾತ್ರಿಕ. ಹೆಸರು ಅಪ್ಪಟ ಇಂಗ್ಲಿಷ್; ಆದರೆ ಆ ವಿಲಿಯಂನ ತಾಯಿ ಫೈಜ್ ಬಕ್ಷ್ ಎಂಬ ಭಾರತದ ಬೇಗಂ. ಅಡ್ಡಹೆಸರು ತಂದೆಯ ಕಡೆಯ ಒಂದೇ ಎಳೆಯನ್ನು ಹಿಡಿದು, ಉಳಿದುದನ್ನೆಲ್ಲ ಕೈಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ಸೀಮೆಯಲ್ಲಿ ಆ ಇಂಗ್ಲಿಷ್ ಹೆಸರಿಗೆ ಬೇರೆಯೇ ಬಾಳು ಬಂತು. ಸುರಪುರದ ಎಳೆಯ ರಾಜ ವೆಂಕಟಪ್ಪ ನಾಯಕನಿಗೆ ಟೇಲರ್ ‘ಅಪ್ಪಾ’ ಆದ. ಜನರ ಬಾಯಲ್ಲಿ ‘ಮಹಾದೇವ ಬಾಬಾ’ ಆದ. ಮೆಡೋಸ್ ಎಂಬ ಉಚ್ಚಾರಕ್ಕೆ ಮಹಾದೇವ ಹತ್ತಿರವೇ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜ ಸೆರೆಯಲ್ಲಿ ಗುಂಡಿಗೆ ಬಲಿಯಾದ. ಟೇಲರ್ 1876ರಲ್ಲಿ ಫ್ರಾನ್ಸಿನ ಮಾಂತೋನ್‌ನಲ್ಲಿ ತೀರಿಕೊಂಡ. ಮರುವರ್ಷ ಆತನ ಆತ್ಮಕಥೆಯನ್ನು ಹೊರತಂದವಳು ಮಗಳು ಆಲಿಸ್. ಮುನ್ನುಡಿ ಬರೆದ ಹೆನ್ರಿ ರೀವ್ ನಾರ್ವಿಚ್ ಟೇಲರ್ ಮನೆತನದ ಹೆಣ್ಣುಮಗಳ ಮಗ.

ಲ್ಯಾಂಕಾಸ್ಟರಿನಿಂದ ಸುರಪುರದವರೆಗಿನ ಈ ದಾರಿ ನಮಗೆ ಸಿಕ್ಕಿದ್ದು ಮಾರ್ಗರೆಟ್ ಮೆಡೋಸ್‌ಳ ತವರಿನ ಹೆಸರು ಮರಿಮಗನ ಹೆಸರಿನಲ್ಲಿ ಉಳಿದದ್ದರಿಂದ. ನಮ್ಮ ಮನೆಗಳಲ್ಲಿ ಅಜ್ಜಿಯ, ಮುತ್ತಜ್ಜಿಯ ತವರಿನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಹಿರಿಯರ ನೆನಪಿನಲ್ಲಷ್ಟೇ ಇರುತ್ತದೆ. ಈ ವಾರ ಮನೆಯ ಹಿರಿಯರ ಬಳಿ ಕುಳಿತು ಕೇಳಿ, ಅಜ್ಜಿಯಂದಿರ ತವರೂರು, ತವರಿನ ಅಡ್ಡಹೆಸರು ಎರಡನ್ನೂ ಬರೆದಿಡಿ.