ವರ್ಗಚಿತ್ರವೂ ಕಾರಕವಿವಕ್ಷೆಯೂ

ಗಣಕಯಂತ್ರದ ಕ್ರಮವಿಧಿಗಳನ್ನು ರಚಿಸುವವರಲ್ಲಿ ‘ಆಬ್ಜೆಕ್ಟ್ ಓರಿಯೆಂಟೆಡ್’ ಎಂದು ಪ್ರಸಿದ್ಧವಾಗಿರುವ ಪದ್ಧತಿಯನ್ನು ಕನ್ನಡದಲ್ಲಿ ವಸ್ತುಪ್ರಧಾನಪದ್ಧತಿಯೆಂದು ಕರೆಯಬಹುದು. ನಾರ್ವೆ ದೇಶದ ಆಸ್ಲೋ ನಗರದಲ್ಲಿ ಡಾಲ್ ಮತ್ತು ನ್ಯೂಗೋರ್ಡ್ ಎಂಬ ವಿದ್ವಾಂಸರಿಬ್ಬರು ನಿರ್ಮಿಸಿದ ‘ಸಿಮುಲಾ ೬೭’ ಎಂಬ ಕ್ರಮವಿಧಿಭಾಷೆಯಲ್ಲಿ ಇದರ ಮೂಲವಿದೆ. ಮುಂದೆ ಈ ಪದ್ಧತಿಯ ವಿಶ್ಲೇಷಣೆಯನ್ನು ಚಿತ್ರರೂಪವಾಗಿ ಬರೆದಿಡಲು ಬೂಚ್, ರಂಬಾ, ಯಾಕಬ್ಸನ್ ಎಂಬ ಮೂವರು ತಮ್ಮ ತಮ್ಮ ಸಂಕೇತಗಳನ್ನು ಒಂದುಗೂಡಿಸಿದರು. ೧೯೯೭ನೆಯ ನವೆಂಬರಿನಲ್ಲಿ ಅದು ‘ಯೂನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್’ ಎಂಬ ಹೆಸರಿನಿಂದ ಅಧಿಕೃತವಾಯಿತು. ಭಾಷೆಯೆಂದು ತನ್ನನ್ನು ತಾನೇ ಹೇಳಿಕೊಳ್ಳುವ ಯಾವುದನ್ನೇ ಆಗಲಿ ಪದ, ವಾಕ್ಯ, ಅರ್ಥಗಳ ದೃಷ್ಟಿಯಿಂದ ಪರೀಕ್ಷಿಸುವುದು ನಮ್ಮ ಅಧಿಕಾರಕ್ಕೆ ಹೊರಗಾದುದಲ್ಲವಷ್ಟೆ.

ಈ ವಿಷಯದ ಪಾಠವೊಂದಕ್ಕೆ ಪಾರಿಭಾಷಿಕಪದಗಳನ್ನು ಸೂಚಿಸಬೇಕೆಂದು ಮಿತ್ರರೊಬ್ಬರು ಕೇಳಿದುದರಿಂದ, ನಾನು ಎರಡು ತಿಂಗಳ ಕಾಲ ವಿದ್ಯಾರ್ಥಿಗಳ ಪಕ್ಕದಲ್ಲಿ ಕುಳಿತು ಕಲಿಯಬೇಕಾಯಿತು. ಅಲ್ಲಿ ಕಂಡ ಒಂದು ದೋಷವನ್ನು ಕುರಿತು ಈ ಲೇಖನವು ಹೊರಟಿದೆ.

ಹೊಸಬರಿಗೆ ಉಪದೇಶಿಸುವ ಮೊದಲನೆಯ ಉಪಾಯವು ವ್ಯಾಕರಣಸಂಬಂಧಿಯಾದುದೇ. ಮಾಡಬೇಕಾದ ಕಾರ್ಯವನ್ನು ವಾಕ್ಯಗಳಲ್ಲಿ ಬರೆದು, ನಾಮಪದಗಳನ್ನು ವರ್ಗಗಳೆಂದೂ ಕ್ರಿಯಾಪದಗಳನ್ನು ಅವುಗಳ ವ್ಯಾಪಾರಗಳೆಂದೂ ತೆಗೆದುಕೊಳ್ಳತಕ್ಕದ್ದು. ೧೯೮೩ರಲ್ಲಿ ಅಬಟ್ ಎಂಬುವರು ಈ ಬಗೆಯ ಉಪಾಯವನ್ನು ಪ್ರಕಟಿಸಿದರು. ಬೂಚ್ ಅದನ್ನು ಪ್ರಚಾರಕ್ಕೆ ತಂದರು. ಉಪಾಯವೇನೋ ಸುಲಭವಾದುದು. ಆದರೆ ನಾವು ಅಭ್ಯಾಸಕ್ಕೆ ಆರಿಸಿಕೊಂಡ ಓಲೆಗರಿಗಳ ಭಂಡಾರದಲ್ಲಿ ಅದು ಮೊದಲ ದಿನವೇ ಎಡವಿತು. ‘ಗ್ರಂಥ’ ಎಂಬ ನಾಮಪದವನ್ನು ಒಬ್ಬ ವಿದ್ಯಾರ್ಥಿಯು ಒಂದು ಚೌಕದೊಳಗೆ ಬರೆದನು. ಯಾವ ಗ್ರಂಥ? ಕವಿಯು ರಚಿಸಿದ ಕೃತಿಯೋ, ಲಿಪಿಕಾರನು ಬರೆದ ಪ್ರತಿಯೋ, ದಾರದಿಂದ ಬಿಗಿದ ಕಟ್ಟೋ? ಒಂದು ಕಟ್ಟಿನಲ್ಲಿ ನಾಲ್ಕು ಕೃತಿಗಳಿರುವುದುಂಟು. ಒಂದೇ ಕೃತಿಯು ಹತ್ತು ಕಟ್ಟುಗಳಲ್ಲಿ ಇರುವುದೂ ಉಂಟು. ಕೃತಿಯು ಎಷ್ಟನೆಯ ಗರಿಯಲ್ಲಿ ಆರಂಭವಾಗುವುದೆಂಬುದು ಕೃತಿಯ ಗುಣವೂ ಅಲ್ಲ, ಕಟ್ಟಿನ ಗುಣವೂ ಅಲ್ಲ. ಅದು ಉಭಯನಿಷ್ಠವಾದ ಸಂಬಂಧದ ಧರ್ಮ. ಇಂತಹ ಸಂಬಂಧವನ್ನೇ ಒಂದು ವರ್ಗವಾಗಿ ಬರೆಯಲು ಈ ಚಿತ್ರಭಾಷೆಯಲ್ಲಿ ಅವಕಾಶವಿರುವುದನ್ನು ಕಂಡು ನನಗೆ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಕ್ರಿಯಾಪದಗಳ ವಿಷಯವು ಇನ್ನೂ ಸೂಕ್ಷ್ಮವಾದುದು. ‘ಸಂಶೋಧಕನು ಕಟ್ಟನ್ನು ಓದಲು ಪಡೆಯುತ್ತಾನೆ’ ಎಂಬಲ್ಲಿ ಪಡೆಯುವುದು ಕ್ರಿಯೆ. ಆದರೆ ಪಡೆದ ದಿನ, ಹಿಂದಿರುಗಿಸಬೇಕಾದ ದಿನ ಇವುಗಳನ್ನು ನೆನಪಿಡಬೇಕಾದಾಗ ಆ ಕ್ರಿಯೆಯೇ ಒಂದು ವಸ್ತುವಾಗಿ ನಿಲ್ಲಬೇಕಾಗುತ್ತದೆ. ಕೃತ್ಪ್ರತ್ಯಯದಿಂದ ಹೇಳಲ್ಪಟ್ಟ ಭಾವವು ದ್ರವ್ಯದಂತೆ ಲಿಂಗಸಂಖ್ಯೆಗಳನ್ನು ಪಡೆಯುತ್ತದೆಂಬುದನ್ನು ಓದಿದವರಿಗೆ ಇದು ಆಶ್ಚರ್ಯವಲ್ಲ. ಪದಗಳಿಗೆ ಗೆರೆಯೆಳೆಯುವ ಉಪಾಯವನ್ನು ಮಾತ್ರ ಬಲ್ಲ ವಿದ್ಯಾರ್ಥಿಗೆ ಇದು ಎಂದಿಗೂ ತೋರುವುದಿಲ್ಲ.

ಈಗ ಮುಖ್ಯವಿಷಯಕ್ಕೆ ಬರೋಣ. ವಾಕ್ಯಾರ್ಥದಲ್ಲಿ ಪ್ರಥಮಾಂತಪದದ ಅರ್ಥವೇ ಪ್ರಧಾನವೆಂದು ನೈಯಾಯಿಕರೂ, ಧಾತ್ವರ್ಥವಾದ ವ್ಯಾಪಾರವೇ ಪ್ರಧಾನವೆಂದು ವೈಯಾಕರಣರೂ ವಾದಿಸುವರು. ವಸ್ತುಪ್ರಧಾನಪದ್ಧತಿಯು ಹೆಸರಿನಿಂದ ನೈಯಾಯಿಕಪಕ್ಷದ್ದಾಗಿ ತೋರಿದರೂ, ಅದರ ರಚನಾಕೌಶಲವು ನಿಂತಿರುವುದು ವೈಯಾಕರಣರ ಕಾರಕವಿವಕ್ಷೆಯಲ್ಲಿ. ಲೋಕದಲ್ಲಿ ಕಟ್ಟು ಜಡವಾದುದು. ಅದು ಕರ್ಮಕಾರಕವೇ ಹೊರತು ಕರ್ತೃವಲ್ಲ. ನಮ್ಮ ವಿದ್ಯಾರ್ಥಿಗಳು ಹಾಗೆಯೇ ಭಾವಿಸಿ, ನೀಡುವುದು, ಹುಡುಕುವುದು, ಎಣಿಸುವುದು, ಎಚ್ಚರಿಸುವುದು ಎಲ್ಲವನ್ನೂ ‘ಭಂಡಾರಿ’ ಎಂಬ ಒಂದೇ ಚೌಕದಲ್ಲಿ ತುಂಬಿದರು. ಉಳಿದ ಚೌಕಗಳು ಬರಿಯ ಗುಣಗಳ ಪೆಟ್ಟಿಗೆಗಳಾದುವು. ಬಲ್ಲವರು ರಚಿಸಿದರೆ ಕಟ್ಟೇ ತಾನು ಯಾರ ಕೈಯಲ್ಲಿದ್ದೇನೆಂದು ಉತ್ತರ ಕೊಡುತ್ತದೆ. ಜೀರ್ಣವಾಗಿದ್ದರೆ ತನ್ನನ್ನು ನೀಡಲಾಗದೆಂದು ತಾನೇ ನಿರಾಕರಿಸುತ್ತದೆ. ಪಾಕಕ್ಕೆ ಅಧಿಕರಣವಾದ ಸ್ಥಾಲಿಯನ್ನೇ ‘ಸ್ಥಾಲಿಯು ಬೇಯಿಸುತ್ತದೆ’ ಎಂದು ಸ್ವತಂತ್ರವಾಗಿ ವಿವಕ್ಷಿಸಿ ಕರ್ತೃವನ್ನಾಗಿ ಹೇಳುವ ಪ್ರಯೋಗವನ್ನು ಇಲ್ಲಿ ಸ್ಮರಿಸಿಕೊಳ್ಳಬಹುದು. ಲೋಕದಲ್ಲಿರುವ ಕಾರಕಗಳನ್ನು ಅರಿಯುವುದು ವಿಶ್ಲೇಷಣೆ. ಯಾವುದನ್ನು ಕರ್ತೃವನ್ನಾಗಿ ವಿವಕ್ಷಿಸಬೇಕೆಂದು ನಿಶ್ಚಯಿಸುವುದು ರಚನೆ.

ಈ ನಿಶ್ಚಯವನ್ನು ವರ್ಗಚಿತ್ರವು ಮರೆಮಾಡುತ್ತದೆಂಬುದೇ ನನ್ನ ಆಕ್ಷೇಪ. ಚೌಕದ ಮೂರು ಅಂಕಣಗಳಲ್ಲಿ ಹೆಸರು, ಗುಣಗಳು, ವ್ಯಾಪಾರಗಳು ಬರೆಯಲ್ಪಡುತ್ತವೆ. ಆದರೆ ಯಾರ ಪ್ರೇರಣೆಯಿಂದ, ಯಾವ ಕ್ರಮದಲ್ಲಿ ವ್ಯಾಪಾರವು ನಡೆಯುವುದೆಂಬುದು ಅಲ್ಲಿ ಕಾಣುವುದಿಲ್ಲ. ‘ರ‍್ಯಾಷನಲ್ ರೋಸ್’ ಮೊದಲಾದ ಚಿತ್ರಸಾಧನಗಳು ಇಂತಹ ಚಿತ್ರದಿಂದ ಕ್ರಮವಿಧಿಯ ಅಸ್ಥಿಪಂಜರವನ್ನು ತಾವೇ ಬರೆದುಕೊಟ್ಟುವು. ವ್ಯಾಪಾರದ ಹೆಸರಿದೆ, ಒಳಗೆ ವ್ಯಾಪಾರವಿಲ್ಲ. ಆದರೂ ಪುಟಗಟ್ಟಲೆ ಬರಹವನ್ನು ಕಂಡ ಬಾಲಕನು ಕೆಲಸವು ಮುಗಿಯಿತೆಂದೇ ತಿಳಿಯುತ್ತಾನೆ.

ಇದೇ ಭಾಷೆಯಲ್ಲಿ ಅನುಕ್ರಮಚಿತ್ರವೆಂಬುದು ಇದೆಯಲ್ಲವೆ, ಅದರಲ್ಲಿ ಸಂದೇಶಗಳ ಪರಂಪರೆಯು ಸ್ಫುಟವಾಗಿ ಕಾಣುವುದಲ್ಲವೆ ಎಂದರೆ, ಸತ್ಯವೇ. ಈಗಿನ ಪಾಠದಂತೆ ಒಟ್ಟು ೧೪ ಬಗೆಯ ಚಿತ್ರಗಳಿದ್ದು, ಅವುಗಳಲ್ಲಿ ಏಳು ವ್ಯವಹಾರವನ್ನು ತೋರಿಸತಕ್ಕವು. ಆದುದರಿಂದ ದೋಷವು ಭಾಷೆಯದಲ್ಲ, ಕಲಿಸುವ ಕ್ರಮದ್ದು. ನಾನು ಕಂಡ ಪಾಠದಲ್ಲಿ ಅನುಕ್ರಮಚಿತ್ರಕ್ಕೆ ಕೊನೆಯ ಎರಡು ಗಂಟೆಗಳು ದೊರೆತುವು; ಅದೂ ಮೊದಲೇ ನಿಶ್ಚಯವಾಗಿದ್ದ ಚೌಕಗಳಿಗೆ ಅಲಂಕಾರವಾಗಿ. ಅಮೆರಿಕದ ಬೆಕ್ ಮತ್ತು ಕನಿಂಗ್‌ಹ್ಯಾಂ ಎಂಬುವರು ೧೯೮೯ರಲ್ಲಿಯೇ ಚಿತ್ರವೂ ಯಂತ್ರವೂ ಇಲ್ಲದೆ ಬರಿಯ ಕಾಗದದ ಚೀಟಿಗಳಿಂದ ಇದನ್ನು ಕಲಿಸುವ ಮಾರ್ಗವನ್ನು ತೋರಿಸಿದ್ದರು. ಒಂದೊಂದು ಚೀಟಿಯ ಮೇಲೂ ವರ್ಗದ ಹೆಸರು, ಅದರ ಹೊಣೆ, ಅದರ ಸಹಕಾರಿಗಳು ಇಷ್ಟೇ. ಕಾರಕವನ್ನು ಕೇಳದೆ ಆ ಚೀಟಿಯನ್ನು ತುಂಬಲಾಗುವುದಿಲ್ಲ. ನಾವು ಕೊನೆಯ ವಾರದಲ್ಲಿ ಚೀಟಿಗಳನ್ನು ಹಂಚಿಕೊಂಡು, ಒಬ್ಬನು ಕಟ್ಟಾಗಿ, ಒಬ್ಬನು ಸಂಶೋಧಕನಾಗಿ ಮಾತನಾಡಿದೆವು. ಭಂಡಾರಿಯ ಚೀಟಿಯನ್ನು ಹಿಡಿದಿದ್ದ ಹುಡುಗನು ತಾನೊಬ್ಬನೇ ಮಾತನಾಡುತ್ತಿರುವುದನ್ನು ತಾನೇ ಕಂಡು ನಕ್ಕನು.

ಪ್ರಸಂಗದಿಂದ ಇನ್ನೊಂದು ಮಾತು. ಅವಯವಸಂಬಂಧಕ್ಕೆ ಈ ಭಾಷೆಯಲ್ಲಿ ಎರಡು ವಜ್ರಾಕೃತಿಗಳಿವೆ. ಕಪ್ಪುವಜ್ರವು ಸಮವಾಯವೆಂದೂ ಬಿಳಿಯದು ಸಂಯೋಗವೆಂದೂ ನಾನೇ ಮೊದಲು ಉತ್ಸಾಹದಿಂದ ಬರೆದುಕೊಟ್ಟಿದ್ದೆನು. ಅದು ತಪ್ಪು. ತಂತುಗಳು ನಾಶವಾದರೆ ಪಟವು ನಾಶವಾಗುವುದೆಂಬುದು ನಮ್ಮ ಶಾಸ್ತ್ರದ ಮಾತು. ಕಪ್ಪುವಜ್ರದಲ್ಲಾದರೋ ಅವಯವಿಯು ಅಳಿದರೆ ಅದರೊಳಗಿರುವ ಅವಯವಗಳು ಅಳಿಯುತ್ತವೆ. ಆಶ್ರಯಭಾವವೇ ತಲೆಕೆಳಗಾಗಿದೆ. ಬಿಳಿಯ ವಜ್ರದ ನಿಷ್ಕೃಷ್ಟಾರ್ಥವನ್ನಂತೂ ಮೂಲನಿರೂಪಣೆಯೇ ಆಯಾ ಕ್ಷೇತ್ರಕ್ಕೂ ಬಳಸುವವರಿಗೂ ಬಿಟ್ಟಿರುವುದರಿಂದ, ಅದಕ್ಕೆ ಶಾಸ್ತ್ರೀಯನಾಮವನ್ನು ಕಟ್ಟುವುದು ವ್ಯರ್ಥ. ಸಾದೃಶ್ಯಮಾತ್ರದಿಂದ ಹಳೆಯ ಪದಗಳನ್ನು ಹೊಸ ವಿದ್ಯೆಗೆ ಅಂಟಿಸುವ ನಮ್ಮ ಪಂಡಿತರ ಚಾಪಲ್ಯಕ್ಕೆ ನಾನೂ ಹೊರತಲ್ಲವೆಂದು ತೋರಿತು.

ಮಿತ್ರರಿಗೆ ಕೊಟ್ಟ ಪಟ್ಟಿಯಿಂದ ಆ ಎರಡು ಪದಗಳನ್ನು ಹಿಂದೆಗೆದುಕೊಂಡಿದ್ದೇನೆ. ‘ಆಬ್ಜೆಕ್ಟ್’ ಎಂಬುದಕ್ಕೆ ‘ವಸ್ತು’ ಎಂಬುದನ್ನು ಉಳಿಸಿದ್ದರೂ ಮನಸ್ಸಿಗೆ ಪೂರ್ಣಸಮಾಧಾನವಿಲ್ಲ. ವಸ್ತುವೆಂದೊಡನೆ ಕೈಗೆ ಸಿಕ್ಕುವ ಜಡಪದಾರ್ಥವೇ ತೋರುವುದರಿಂದ, ಉತ್ತರ ಕೊಡುವ ಕಟ್ಟನ್ನು ಕಲ್ಪಿಸಿಕೊಳ್ಳಲು ಆ ಪದವೇ ಅಡ್ಡಿಯಾಗುವುದೇನೋ. ಇದಕ್ಕಿಂತ ಉಚಿತವಾದ ಪದವು ವಾಚಕಮಹಾಶಯರಿಗೆ ಹೊಳೆದರೆ ದಯಮಾಡಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.